ಮುದಿ ಮಿಲಿಟರಿ ಲಾರಿಯ ಹೊಟ್ಟೆಗೆ ಜ್ವರದ ಮೀಟರು

ಸಕಲೇಶಪುರ: ಬಸ್ಸಿಗೆ ಕಾಯುವವರಿಗೆ ಎಷ್ಟು ಬಗೆಯ ಕಾಟ ಇದೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಬರೋದಿಲ್ಲ, ಬಂದರೆ ನಿಲ್ಲೋದಿಲ್ಲ, ನಿಂತರೆ ಕಾಲಿಡೋಕೆ ಜಾಗ ಇರೋದಿಲ್ಲ. ಆದರೆ ಈ ತಾಲ್ಲೂಕಿನ ಒಂದು ಸ್ಟಾಪಿನಲ್ಲಿ ಹೋದ ವರ್ಷ ಕಾಫಿ ಕೊಯ್ಲಿನ ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆ ಬಸ್ಸಿಗೆ ನಿಂತಿದ್ದ ಹದಿನೈದಿಪ್ಪತ್ತು ಮಂದಿ ಕಂಡದ್ದು ಬೇರೆಯದೇ ಕಾಟ.

ತೋಟದ ಇಳಿಜಾರಿನಿಂದ ಸಿಲ್ವರ್ ದಿಮ್ಮಿ ಹೇರಿಕೊಂಡ ಒಂದು ಹಳೇ ಮಿಲಿಟರಿ ಲಾರಿ, ಹಾರನ್ ಒತ್ತಿಕೊಂಡೇ ಇಳಿದು ಬಂತು. ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ "ಸರೀರಿ, ಸರೀರಿ" ಅಂತ ಕೂಗುತ್ತಿದ್ದ. ಬ್ರೇಕು ಹಿಡಿಯುತ್ತಿರಲಿಲ್ಲ. ಸ್ಕೂಲು ಮಕ್ಕಳು ಒಂದು ಕಡೆ, ಪೇಟೆಗೆ ಹೊರಟ ಹೆಂಗಸರು ಒಂದು ಕಡೆ ಓಡಿದರು. ಡ್ರೈವರು ಟಾರು ರಸ್ತೆಗೆ ಇನ್ನು ಇಪ್ಪತ್ತು ಮಾರು ಇರುವಾಗ ಸ್ಟೇರಿಂಗ್ ಎಡಕ್ಕೆ ಮುರಿದು ಗಾಡಿಯನ್ನು ದರೆಗೆ ಗುದ್ದಿಸಿ ನಿಲ್ಲಿಸಿದ. ಒಂದು ದಿಮ್ಮಿ ಜಾರಿ ಬಿದ್ದು ಟೀ ಅಂಗಡಿಯ ಬೆಂಚು ಎರಡು ತುಂಡಾಯಿತು. ಜನಕ್ಕೆ ಏನೂ ಆಗಲಿಲ್ಲ. ಬೆಂಚಿನ ಮೇಲೆ ಆ ಹೊತ್ತಿಗೆ ಯಾರೂ ಕೂತಿರಲಿಲ್ಲ, ಅಷ್ಟೇ ಪುಣ್ಯ.

ತಪ್ಪು ಯಾರದು? ತೋಟದ ಗೌಡರು ಅಲ್ಲೇ ತೀರ್ಪು ಕೊಟ್ಟರು. "ಸಣ್ಣ ಗೇರಲ್ಲಿ ಇಳಿಸಬೇಕಾಗಿತ್ತು ಕಣಯ್ಯಾ. ಬ್ರೇಕ್ ಮೇಲೇ ನಿಂತುಕೊಂಡು ಬಂದೆ, ಸುಟ್ಟು ಹಾಕಿದೆ." ಇಪ್ಪತ್ತೆರಡು ವರ್ಷ ಅದೇ ಸೀಟಿನಲ್ಲಿ ಕೂತ ಡ್ರೈವರು ಕೀ ಕೊಟ್ಟು ಮನೆಗೆ ಹೋದ. ತಿಂಗಳ ಸಂಬಳದಲ್ಲಿ ರಿಪೇರಿ ದುಡ್ಡು ಮುರಿದುಕೊಳ್ಳುವುದು ಅಂತ ಆಯಿತು. "ನಾನು ಸಣ್ಣ ಗೇರಲ್ಲೇ ಇಳಿಸಿದ್ದು" ಅಂತ ಆತ ಹೇಳಿದ್ದನ್ನು ಕೇಳಿಸಿಕೊಂಡವರು ಇಲ್ಲ.

ಗಾಡಿಯ ಜಾತಕ

ಈ ಲಾರಿ ಶಕ್ತಿಮಾನ್. ಮಕ್ಕಳು ಟಿ.ವಿ.ಯಲ್ಲಿ ನೋಡಿದ ಶಕ್ತಿಮಾನ್ ಅಲ್ಲ. ಅವನು ಬಂದದ್ದು 1997ರಲ್ಲಿ, ಈ ಲಾರಿ ಅವನಿಗಿಂತ ಬಹಳ ಹಿರಿಯ. ಜರ್ಮನಿಯ ಮ್ಯಾನ್ ಕಂಪನಿಯಿಂದ ಪರವಾನಗಿ ಪಡೆದು, 1950ರ ದಶಕದ ಕೊನೆಯಲ್ಲಿ ಜಬಲ್ಪುರದಲ್ಲಿ ಸರ್ಕಾರವೇ ಇದನ್ನು ಕಟ್ಟಲು ಶುರುಮಾಡಿತು. ಆಗ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್. 1965ರ ಯುದ್ಧ, 1971ರ ಯುದ್ಧ ಎರಡರಲ್ಲೂ ಸೈನಿಕರನ್ನೂ ಸಾಮಾನನ್ನೂ ಹೊತ್ತ ಗಾಡಿ ಇದು. 1996ರಲ್ಲಿ ತಯಾರಿಕೆ ನಿಂತಿತು. ಆಮೇಲೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾ ಲಾರಿಗಳು ಆ ಜಾಗಕ್ಕೆ ಬಂದವು.

ಸೇವೆ ಮುಗಿದ ಗಾಡಿಗಳನ್ನು ಸೇನೆ ಹರಾಜು ಹಾಕುತ್ತದೆ. ನಮ್ಮ ಕಡೆ ಅದಕ್ಕೆ 'ಡಿಸ್ಪೋಸಲ್ ಗಾಡಿ' ಅಂತಾರೆ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ, ನೆಲದಿಂದ ಎತ್ತರಕ್ಕಿರುವ ಗಾಡಿ ಅಂದರೆ ಮಲೆನಾಡಿನ ಕೆಸರಿಗೆ ಹೇಳಿ ಮಾಡಿಸಿದ್ದು. ಗೌಡರ ತಂದೆ ಇದನ್ನು ಹಾಗೆ ಹರಾಜಿನಲ್ಲಿ ಹಿಡಿದು ತಂದದ್ದು. ಖಾಸಗಿಯವರು ಮಿಲಿಟರಿ ಹಸಿರು ಬಳಿಯುವ ಹಾಗಿಲ್ಲ, ಕಾನೂನು ಇದೆ. ಅದಕ್ಕೇ ನೀಲಿ ಬಣ್ಣ. ಉಗುರಲ್ಲಿ ಕೆರೆದರೆ ಇವತ್ತಿಗೂ ಕೆಳಗೆ ಹಸಿರು ಕಾಣುತ್ತದೆ.

ಮೇಸ್ತ್ರಿ ಚಕ್ರ ಬಿಚ್ಚಿದಾಗ

ದರೆಗೆ ಗುದ್ದಿದ ಲಾರಿಯನ್ನು ಸಕಲೇಶಪುರದ ಗ್ಯಾರೇಜಿಗೆ ಎಳೆದು ತಂದರು. ಮೇಸ್ತ್ರಿಗೆ ಅರವತ್ತು ದಾಟಿದೆ. ಹಿಂದಿನ ಎಡ ಚಕ್ರ ಬಿಚ್ಚಿ ಡ್ರಮ್ಮು ತೆಗೆದರೆ, ಬ್ರೇಕ್ ಲೈನರ್ ಮೇಲೆ ಬೆಲ್ಲದ ಪಾಕ ಸುರಿದ ಹಾಗೆ ತೊಂಬತ್ತರ ಆಯಿಲ್! ಆಕ್ಸಲ್ ಹೌಸಿಂಗಿನ ಒಳಗೆ ಇರಬೇಕಾದ ಗೇರ್ ಆಯಿಲ್, ಸೀಲು ದಾಟಿ ಡ್ರಮ್ಮಿಗೆ ಇಳಿದಿತ್ತು. ಬಲ ಚಕ್ರದಲ್ಲೂ ಅದೇ ಶುರುವಾಗಿತ್ತು. ಎಣ್ಣೆ ಹಚ್ಚಿದ ಲೈನರ್ ಹಿಡಿಯುವುದು ಹೇಗೆ? ಕಾಲಲ್ಲಿ ಒತ್ತಿದರೂ ಒಂದೇ, ಬಿಟ್ಟರೂ ಒಂದೇ.

"ಈ ಸೀಲು ಹಾಕಿ ಮೂರು ತಿಂಗಳಾಗಿಲ್ಲ ಗೌಡ್ರೇ. ಅದಕ್ಕೆ ಮುಂಚೆ ಎರಡು ಸಲ ಹಾಕಿದೀನಿ. ಸೀಲು ಮತ್ತೆ ಮತ್ತೆ ಹೋಗ್ತಾ ಇದೆ ಅಂದ್ರೆ ಇನ್ನೇನೋ ಅದನ್ನ ಒದೀತಾ ಇದೆ."

ಒದೆಯುತ್ತಿದ್ದದ್ದು ಏನು? ಮೇಸ್ತ್ರಿ ಹೌಸಿಂಗಿನ ಮೇಲ್ಗಡೆ ಬೆರಳಾಡಿಸಿದರು. ಅಲ್ಲಿ ಬ್ರೀದರ್ ಅಂತ ಒಂದು ಪುಟ್ಟ ಮೂತಿ ಇರುತ್ತದೆ, ಆಕ್ಸಲ್ ಉಸಿರಾಡುವ ಮೂಗು. ಅದರ ತುಂಬಾ ತೋಟದ ಕೆಂಪು ಮಣ್ಣು ಸೇರಿ ಇಟ್ಟಿಗೆ ಆಗಿತ್ತು. ಮೊಳೆ ಹಾಕಿ ಕುಟ್ಟಿದರೂ ಬರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ನೋಡಿ. 30 ಡಿಗ್ರಿಯಲ್ಲಿರುವ ಗಾಳಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ 100 ಡಿಗ್ರಿಗೆ ಕಾಯಿಸಿದರೆ, ಒಳಗಿನ ಒತ್ತಡ ಹತ್ತಿರ ಹತ್ತಿರ ಕಾಲು ಪಾಲು ಏರುತ್ತದೆ. ಅಂದರೆ ಚದರ ಇಂಚಿಗೆ ಮೂರು ಪೌಂಡಿಗೂ ಮೇಲೆ. ಸೈಕಲ್ ಟ್ಯೂಬಿಗೆ ಅದು ಏನೂ ಅಲ್ಲ. ಆದರೆ ಆಯಿಲ್ ಸೀಲಿನ ರಬ್ಬರ್ ತುಟಿ ಇರುವುದು ಎಣ್ಣೆ ತಡೆಯುವುದಕ್ಕೆ, ಒತ್ತಡ ತಡೆಯುವುದಕ್ಕಲ್ಲ. ಮೂಗು ಕಟ್ಟಿದ ಆಕ್ಸಲ್ ಸೀಲಿನ ಕಡೆಯಿಂದ ಉಸಿರು ಬಿಡುತ್ತದೆ, ಉಸಿರಿನ ಜೊತೆ ಎಣ್ಣೆಯೂ ಬರುತ್ತದೆ.

ಅದರ ಮೇಲೆ ಇನ್ನೊಂದು. ಯಾರೋ ಹೌಸಿಂಗಿಗೆ ಕುತ್ತಿಗೆಮಟ್ಟ ಆಯಿಲ್ ತುಂಬಿದ್ದರು. ಜಾಸ್ತಿ ಹಾಕಿದಷ್ಟೂ ಒಳ್ಳೇದು ಅನ್ನುವ ನಂಬಿಕೆ ನಮ್ಮಲ್ಲಿ ತುಪ್ಪದಿಂದ ಹಿಡಿದು ಗೇರ್ ಆಯಿಲ್ ತನಕ ಇದೆ. ಲೆವೆಲ್ ಪ್ಲಗ್ಗಿನ ಕೆಳ ಅಂಚಿಗೆ ನಿಂತರೆ ಸಾಕು. ಅದಕ್ಕಿಂತ ಹೆಚ್ಚಾದರೆ ಕ್ರೌನ್ ವೀಲು ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ, ಕಡೆದಷ್ಟೂ ಬಿಸಿ.

ಬ್ರೀದರ್ ಬದಲಾಯಿಸಿದರು, ಆಯಿಲ್ ಮಟ್ಟಕ್ಕೆ ತಂದರು, ಲೈನರ್ ಹೊಸದು ಹಾಕಿದರು. ಗೌಡರು ಬಿಲ್ಲು ಕೊಟ್ಟು ಹೊರಡುವವರಿದ್ದರು. ಮೇಸ್ತ್ರಿ ಬಿಡಲಿಲ್ಲ. "ಮೂಗು ಕಟ್ಟಿತ್ತು, ಸರಿ. ಆದರೆ ಇಷ್ಟು ಬಿಸಿ ಯಾಕೆ ಆಗ್ತಿತ್ತು? ಎಲ್ಲಿ ಆಗ್ತಿತ್ತು? ಅದು ಗೊತ್ತಾಗದೆ ಈ ಗಾಡೀನ ನಾನು ಇಳಿಜಾರಿಗೆ ಕಳಿಸಲ್ಲ."

ಕಾಣದ ಬಿಸಿ

ಡ್ರೈವರನ ಎದುರಿಗೆ ಇರುವ ಮೀಟರುಗಳು ಎಂಜಿನ್ನಿನ ಸಮಾಚಾರ ಹೇಳುತ್ತವೆ. ನೀರು ಕುದಿಯುತ್ತಿದೆಯೋ, ಎಂಜಿನ್ ಆಯಿಲ್ ಒತ್ತಡ ಇದೆಯೋ, ಎಲ್ಲಾ ಗೊತ್ತಾಗುತ್ತದೆ. ಆದರೆ ಎಂಜಿನ್ ಹಿಂದೆ ಇರುವ ಟ್ರಾನ್ಸ್‌ಫರ್ ಕೇಸು, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಇವುಗಳ ಬಗ್ಗೆ ಒಂದು ಮುಳ್ಳೂ ಇಲ್ಲ. ಅವು ಹಾಳಾಗುತ್ತಿವೆ ಅಂತ ಗೊತ್ತಾಗುವುದು ಕಿರ್ರೆನ್ನುವ ಶಬ್ದ ಬಂದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಸೇನೆಯವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೇನಾ ಲಾರಿಗಳ ಕೈಪಿಡಿಗಳಲ್ಲಿ, ಗಾಡಿ ನಿಂತಾಗಲೆಲ್ಲ ಡ್ರೈವರು ಕೆಳಗಿಳಿದು ಚಕ್ರದ ಗುಬ್ಬ, ಆಕ್ಸಲ್, ಗೇರ್‌ಬಾಕ್ಸು ಇವುಗಳನ್ನು ಹುಷಾರಾಗಿ ಕೈಯಿಂದ ಮುಟ್ಟಿ ನೋಡಬೇಕು ಅಂತ ಬರೆದಿತ್ತು. ಸೇನೆಯಲ್ಲಿ ಅದಕ್ಕೆ ಶಿಸ್ತು ಇರುತ್ತದೆ, ಲೆಕ್ಕಕ್ಕೆ ಸರಿಯಾಗಿ ಆಯಿಲ್ ಬದಲಾಗುತ್ತದೆ. ಗಾಡಿ ಡಿಸ್ಪೋಸಲ್ ಆಗಿ ತೋಟಕ್ಕೆ ಬಂದಾಗ ಲಾರಿ ಮಾತ್ರ ಬಂತು, ಶಿಸ್ತು ಅಲ್ಲೇ ಉಳಿಯಿತು.

ಗೇರು ಹಲ್ಲುಗಳಲ್ಲಿ ಎಷ್ಟು ಬಿಸಿ ಹುಟ್ಟುತ್ತದೆ? ನೂರು ಕುದುರೆ ಶಕ್ತಿ ಅಂದರೆ ಸುಮಾರು 75 ಕಿಲೋವ್ಯಾಟ್. ಅದರಲ್ಲಿ ನೂರಕ್ಕೆ ಮೂರು ಪಾಲು ಹಲ್ಲಿನ ತಿಕ್ಕಾಟದಲ್ಲಿ ಹೋಯಿತು ಅಂತ ಇಟ್ಟುಕೊಂಡರೂ ಎರಡು ಕಿಲೋವ್ಯಾಟಿಗೂ ಮೇಲಾಯಿತು. ಎರಡು ಕರೆಂಟು ಇಸ್ತ್ರಿಪೆಟ್ಟಿಗೆಯನ್ನು ಆ ಎಣ್ಣೆಯೊಳಗೆ ಮುಳುಗಿಸಿ ಸ್ವಿಚ್ ಹಾಕಿದಂತೆ. ಆ ಬಿಸಿ ಹೊರಗೆ ಹೋಗುವುದು ಹೌಸಿಂಗಿನ ಮೈಗೆ ಬೀಸುವ ಗಾಳಿಯಿಂದ ಮಾತ್ರ. ಏರಿನಲ್ಲಿ ಗಾಡಿ ಆಮೆ ನಡಿಗೆ, ಗಾಳಿ ಎಲ್ಲಿಂದ ಬರಬೇಕು?

ತೊಂಬತ್ತರ ಆಯಿಲ್ 40 ಡಿಗ್ರಿಯಲ್ಲಿ ಎಷ್ಟು ಮಂದ ಇರುತ್ತದೋ, 100 ಡಿಗ್ರಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲಿನಷ್ಟೇ ಇರುತ್ತದೆ. ಅಲ್ಲಿಯ ತನಕ ಅದು ಕೆಲಸ ಮಾಡುತ್ತದೆ. ಅದಕ್ಕೂ ಮೇಲೆ ಹೋಗುತ್ತಲೇ ಇದ್ದರೆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತದೆ, ಸೀಲಿನ ರಬ್ಬರ್ ಒಣಗಿ ಕಲ್ಲಾಗುತ್ತದೆ. ಹತ್ತು ಡಿಗ್ರಿ ಏರಿದರೆ ಎಣ್ಣೆಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಬಲ್ಲವರ ಅಂದಾಜು ಲೆಕ್ಕ.

ಮೀಟರು ಕೂರಿಸಿದ ಬಗೆ

ಮೇಸ್ತ್ರಿ ಯೋಚನೆ ಸರಳ. ಒಂದು ಮೀಟರು, ಮೂರು ಸೆನ್ಸರು, ನಡುವೆ ಮೂರು ಮನೆಯ ಒಂದು ತಿರುಗು ಸ್ವಿಚ್ಚು. ಡ್ರೈವರು ಸ್ವಿಚ್ಚು ತಿರುಗಿಸಿದರೆ ಟ್ರಾನ್ಸ್‌ಫರ್ ಕೇಸು, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಹೀಗೆ ಒಂದೊಂದರ ಬಿಸಿ ಕಾಣಬೇಕು.

ಗೌಡರು ಹಾಸನಕ್ಕೆ ಹೋಗಿ ಕಾರಿಗೆ ಹಾಕುವ ಮೀಟರು ತಂದರು. ಮೇಸ್ತ್ರಿ ವಾಪಸ್ಸು ಕಳಿಸಿದರು. ಈ ಲಾರಿಗೆ ಎರಡು ಬ್ಯಾಟರಿ, 24 ವೋಲ್ಟು. ಕಾರಿನ 12 ವೋಲ್ಟಿನ ಮೀಟರು ಕೊಟ್ಟರೆ ಹೊಗೆ ಬರುತ್ತದೆ. ಇನ್ನೊಂದು ವಿಷಯ, ಮೀಟರೂ ಸೆನ್ಸರೂ ಒಂದೇ ಜೋಡಿ ಇರಬೇಕು. ಸೆನ್ಸರಿನ ಹೊಟ್ಟೆಯಲ್ಲಿ ಒಂದು ಸಣ್ಣ ಬಿಲ್ಲೆ ಇರುತ್ತದೆ. ಬಿಸಿ ಏರಿದಂತೆ ಅದು ಕರೆಂಟಿಗೆ ಒಡ್ಡುವ ತಡೆ ಇಳಿಯುತ್ತದೆ, ಮುಳ್ಳು ಏರುತ್ತದೆ. ಒಂದು ಕಂಪನಿಯ ಬಿಲ್ಲೆಗೆ ಇನ್ನೊಂದು ಕಂಪನಿಯ ಮುಳ್ಳು ಸೇರಿಸಿದರೆ ತೋರಿಸುವುದೆಲ್ಲ ಸುಳ್ಳು.

ಸೆನ್ಸರ್ ಎಲ್ಲಿ ಕೂರಬೇಕು ಅನ್ನುವುದೇ ದೊಡ್ಡ ಚರ್ಚೆ. ಮೇಲಿನ ಪ್ಲಗ್ಗಿನಲ್ಲಿ ಹಾಕಿದರೆ ತುದಿ ಗಾಳಿಯಲ್ಲಿ ನಿಂತು ಎಣ್ಣೆಯ ಬಿಸಿ ಸಿಗದೆ ಹೋಗಬಹುದು. ಕೆಳಗಿನ ಡ್ರೈನ್ ಪ್ಲಗ್ಗಾದರೆ ಯಾವಾಗಲೂ ಎಣ್ಣೆಯಲ್ಲೇ ಮುಳುಗಿರುತ್ತದೆ, ಆದರೆ ತೋಟದ ಕಲ್ಲು, ಮರದ ಬೊಡ್ಡೆ ಬಡಿದು ಮುರಿಯುತ್ತದೆ. ಮೇಸ್ತ್ರಿ ಡ್ರೈನ್ ಪ್ಲಗ್ಗನ್ನೇ ಆರಿಸಿದರು. ಹಳೇ ಪ್ಲಗ್ಗುಗಳಿಗೆ ಹಾಸನದ ಲೇತ್ ಅಂಗಡಿಯಲ್ಲಿ ನಡುವೆ ತೂತು ಕೊರೆಸಿ, ಸೆನ್ಸರಿನ ಅಳತೆಗೆ ಥ್ರೆಡ್ ಹಾಕಿಸಿದರು. ಕೆಳಗೆ ದಪ್ಪ ತಗಡಿನ ಒಂದು ತೊಟ್ಟಿಲು ಮಾಡಿ ಬೋಲ್ಟಿನಲ್ಲಿ ಬಿಗಿದರು. "ವೆಲ್ಡಿಂಗ್ ಹೊಡೆದು ಬಿಡಿ, ಬೇಗ ಆಗುತ್ತೆ" ಅಂದ ಹುಡುಗನಿಗೆ ಬೈಗುಳ ಬಿತ್ತು. ಆಕ್ಸಲ್ ಹೌಸಿಂಗಿಗೆ ವೆಲ್ಡಿಂಗ್ ಕಾವು ತಗುಲಿದರೆ ಸೊಟ್ಟಗಾಗುವ ಭಯ.

ತಂತಿ ಎಳೆಯುವುದರಲ್ಲೂ ಬುದ್ಧಿ ಬೇಕು. ಆಕ್ಸಲ್ ಮೇಲೆ ಕೆಳಗೆ ಕುಣಿಯುತ್ತದೆ, ಚಾಸಿ ಕುಣಿಯುವುದಿಲ್ಲ. ಬಿಗಿಯಾಗಿ ಎಳೆದರೆ ಮೊದಲ ಗುಂಡಿಯಲ್ಲೇ ತಂತಿ ಕಿತ್ತು ಬರುತ್ತದೆ. ಅದಕ್ಕೆ ಬ್ರೇಕಿನ ರಬ್ಬರ್ ಪೈಪು ಹೇಗೆ ಬಳುಕಿಕೊಂಡು ಹೋಗಿದೆಯೋ, ಅದರ ಪಕ್ಕದಲ್ಲೇ ಸಡಿಲ ಬಿಟ್ಟು ಕಟ್ಟಿದರು. ಸೈಲೆನ್ಸರಿಗೆ ತಾಗದಂತೆ, ತಿರುಗುವ ಷಾಫ್ಟಿಗೆ ಸಿಗದಂತೆ ಪೈಪಿನೊಳಗೆ ಹಾಯಿಸಿ, ಒಂದು ಫ್ಯೂಸೂ ಹಾಕಿದರು.

ಹಾಕುವುದಕ್ಕೆ ಮುಂಚೆ ಪಕ್ಕದ ಹೋಟೆಲಿನ ಪಾತ್ರೆಯಲ್ಲಿ ನೀರು ಕುದಿಸಿ ಸೆನ್ಸರ್ ಅದ್ದಿ ಪರೀಕ್ಷೆ ಆಯಿತು. ಮುಳ್ಳು 100ಕ್ಕೆ ಹೋಗಲಿಲ್ಲ, ಸ್ವಲ್ಪ ಕೆಳಗೇ ನಿಂತಿತು. "ಏನ್ ಮೇಸ್ತ್ರಿ, ಕಳ್ಳ ಮೀಟರು!" ಅಂದರು ಗೌಡರು. ಕಳ್ಳ ಅಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಸುಮಾರು 300 ಮೀಟರು ಏರಿದರೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. ನಮ್ಮೂರಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಈ ಪಾಠ ಗ್ಯಾರೇಜಿನಲ್ಲಿ ಸಿಕ್ಕಿತು.

ಆಮೇಲೂ ಒಂದು ಯಡವಟ್ಟು ಆಯಿತು. ಟ್ರಾನ್ಸ್‌ಫರ್ ಕೇಸಿನ ಸೆನ್ಸರ್ ಎಷ್ಟು ಓಡಿಸಿದರೂ 40 ಬಿಟ್ಟು ಮೇಲೇಳಲಿಲ್ಲ. ಮೇಸ್ತ್ರಿ ಕೆಳಗೆ ತೂರಿ ಕೈ ಇಟ್ಟರು, ಒಂದು ಕ್ಷಣಕ್ಕೆ ಕಿತ್ತುಕೊಂಡರು. ಕಬ್ಬಿಣ 60 ಡಿಗ್ರಿ ದಾಟಿದರೆ ಅಂಗೈ ತಡೆಯುವುದಿಲ್ಲ. ಅಂದಮೇಲೆ 40 ಅನ್ನುವ ಮುಳ್ಳು ಸುಳ್ಳು. ಹುಡುಗ ಎಣ್ಣೆ ಸೋರದಿರಲಿ ಅಂತ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸೆನ್ಸರಿಗೆ ನಾಲ್ಕು ಸುತ್ತು ಸುತ್ತಿದ್ದ. ಇಂಥ ಸೆನ್ಸರಿಗೆ ಒಂದೇ ತಂತಿ, ಅರ್ಥಿಂಗು ಬರುವುದು ಥ್ರೆಡ್ಡಿನ ಮೂಲಕ. ಟೇಪು ಅದನ್ನೇ ತಡೆದಿತ್ತು. ಟೇಪು ತೆಗೆದು ತಾಮ್ರದ ವಾಷರ್ ಹಾಕಿದ ಮೇಲೆ ಮುಳ್ಳು ಸತ್ಯ ಹೇಳತೊಡಗಿತು.

ಮುಳ್ಳು ಹೇಳಿದ ಸಾಕ್ಷಿ

ಪರೀಕ್ಷೆಗೆ ಡ್ರೈವರನ್ನೇ ಕರೆಸಿದರು. ಆತ ಸ್ಟೇರಿಂಗಿಗೆ, ಪಕ್ಕದಲ್ಲಿ ಮೇಸ್ತ್ರಿ, ಕಿಟಕಿ ಕಡೆ ಗೌಡರು. ನಾನು ಹಿಂದೆ ಬಾಡಿಯಲ್ಲಿ ಕಂಬಿ ಹಿಡಿದು ನಿಂತೆ. ಲೋಡು ಇಲ್ಲ, ಟಾರು ರಸ್ತೆ, ಎಂಟು ಕಿಲೋಮೀಟರ್. ಮುಂದಿನ ಚಕ್ರಕ್ಕೆ ಪವರ್ ಕೊಡುವ ಲಿವರು ಬಿಟ್ಟಿತ್ತು. ಅಂದರೆ ಮುಂದಿನ ಆಕ್ಸಲ್ ಸುಮ್ಮನೆ ಉರುಳಬೇಕು, ಮೂರರಲ್ಲಿ ಅದೇ ತಣ್ಣಗಿರಬೇಕು.

ಮುಂದಿನ ಆಕ್ಸಲ್ 86 ತೋರಿಸಿತು. ಟ್ರಾನ್ಸ್‌ಫರ್ ಕೇಸು 104.

ಮೇಸ್ತ್ರಿ ಗಾಡಿ ನಿಲ್ಲಿಸಿದರು. ಗ್ಯಾರೇಜಿಗೆ ವಾಪಸ್ಸು ಬಂದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿದರು. ಲಿವರು ಬಿಟ್ಟಿದ್ದರೆ ಆ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಇಬ್ಬರು ಸೇರಿ ತಳ್ಳಿದರೂ ಅಲುಗಲಿಲ್ಲ. ಕ್ಯಾಬಿನ್ನಿನ ಲಿವರು ಹಿಂದಕ್ಕೆ ಬಂದಿತ್ತು, ಆದರೆ ಅದರ ಕೆಳಗಿನ ಪಿನ್ನು ಸವೆದು, ಒಳಗಿನ ಹಲ್ಲು ಬಿಡಿಸಿಕೊಂಡೇ ಇರಲಿಲ್ಲ. ಎಷ್ಟು ತಿಂಗಳಿಂದ ಹಾಗೆ ಓಡುತ್ತಿತ್ತೋ ದೇವರೇ ಬಲ್ಲ.

ಅದರಿಂದ ಏನಾಗುತ್ತದೆ? ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನ ಚಕ್ರಕ್ಕಿಂತ ಹೆಚ್ಚು ದೂರ ಹೋಗುತ್ತದೆ. ಎರಡೂ ಆಕ್ಸಲ್ಲನ್ನು ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಒಂದನ್ನೊಂದು ಎಳೆದಾಡುತ್ತವೆ. ಕೆಸರಿನಲ್ಲಿ ಟೈರು ಜಾರಿ ಆ ಜಗಳ ಮುಗಿಯುತ್ತದೆ. ಟಾರು ರಸ್ತೆಯಲ್ಲಿ ಟೈರು ಜಾರುವುದಿಲ್ಲ. ಷಾಫ್ಟು ಹಗ್ಗದ ಹಾಗೆ ಹುರಿಗೊಳ್ಳುತ್ತದೆ, ಜಗಳವೆಲ್ಲ ಗೇರು ಹಲ್ಲಿನಲ್ಲಿ ಬಿಸಿಯಾಗಿ ಕೂರುತ್ತದೆ. ಹಿಂದಿನ ಆಕ್ಸಲ್ಲಿಗೆ ಅದರ ಪಾಲು ಬಂದೇ ಬರುತ್ತದೆ. ಮೇಲೆ ಜಾಸ್ತಿ ಎಣ್ಣೆ, ಕಟ್ಟಿದ ಮೂಗು. ಎಣ್ಣೆ ಬ್ರೇಕಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಪಿನ್ನು ಬದಲಾಯಿಸಿ ಅದೇ ರಸ್ತೆಯಲ್ಲಿ ಅಷ್ಟೇ ದೂರ ಮತ್ತೆ ಹೋದೆವು. ಮುಂದಿನ ಆಕ್ಸಲ್ 50, ಟ್ರಾನ್ಸ್‌ಫರ್ ಕೇಸು 74.

ಡ್ರೈವರು ಏನೂ ಮಾತಾಡಲಿಲ್ಲ. ಮೇಸ್ತ್ರಿಯೇ ಹೇಳಿದರು, "ಗೌಡ್ರೇ, ಇವನು ಗೇರಲ್ಲೇ ಇಳಿಸಿದ್ದು. ಗೇರಲ್ಲಿ ಇಳಿಸದೇ ಇದ್ದಿದ್ರೆ ಆವತ್ತು ದರೆ ತನಕ ಗಾಡಿ ಬರ್ತಿರಲಿಲ್ಲ, ಸೀದಾ ಬಸ್ ಸ್ಟಾಪಿಗೆ ಹೋಗ್ತಿತ್ತು." ಗೌಡರು ತುಂಬಾ ಹೊತ್ತು ಹೊರಗೆ ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು, "ಟೀ ಕುಡಿದ್ಯೇನೋ?" ನಮ್ಮ ಕಡೆ ತಪ್ಪೊಪ್ಪಿಗೆ ಅಂದರೆ ಅಷ್ಟೇ. ಮುರಿದುಕೊಂಡ ಸಂಬಳ ಆ ಶನಿವಾರವೇ ಕೈಗೆ ಬಂತು ಅಂತ ಡ್ರೈವರನ ಹೆಂಡತಿ ನನಗೆ ಹೇಳಿದರು.

ಮೀಟರು ಎಲ್ಲಾ ಹೇಳೋದಿಲ್ಲ

ಇಷ್ಟಕ್ಕೇ ಮೀಟರಿಗೆ ಆರತಿ ಎತ್ತಬೇಕಾಗಿಲ್ಲ. ಅದು ಎಣ್ಣೆಯ ಬಿಸಿ ಮಾತ್ರ ಹೇಳುತ್ತದೆ. ಚಕ್ರದ ಬೇರಿಂಗು, ಬ್ರೇಕ್ ಡ್ರಮ್ಮು ಕಾದರೆ ಅದಕ್ಕೆ ಗೊತ್ತಾಗದು. ಎಣ್ಣೆ ಪೂರಾ ಸೋರಿಹೋದರೆ ಸೆನ್ಸರಿನ ತುದಿ ಒಣಗಿ, ಮುಳ್ಳು ಕೆಳಗಿಳಿದು ಎಲ್ಲಾ ಸರಿ ಇದೆ ಅಂತ ನಗುತ್ತದೆ. ಇಳಿಜಾರಿಗೆ ಸಣ್ಣ ಗೇರು ಇವತ್ತಿಗೂ ಬೇಕೇ ಬೇಕು.

ಹಳ್ಳ ದಾಟುವವರು ಇನ್ನೊಂದು ನೆನಪಿಡಬೇಕು. ಕಾದ ಆಕ್ಸಲ್ಲು ತಣ್ಣನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸೀಲಿನಿಂದಲೋ ನೀರನ್ನು ಒಳಗೆಳೆಯುತ್ತದೆ. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದರೆ ನೀರು ಹೋಗಿದೆ ಅಂತಲೇ ಲೆಕ್ಕ. ಮೇಸ್ತ್ರಿ ಈಗ ಮೂರೂ ಬ್ರೀದರಿಗೆ ರಬ್ಬರ್ ಪೈಪು ಸೇರಿಸಿ, ಮಣ್ಣು ನೀರು ಸಿಗದ ಹಾಗೆ ಬಾಡಿಯ ಎತ್ತರಕ್ಕೆ ಒಯ್ದಿದ್ದಾರೆ.

ಮೀಟರು, ಸೆನ್ಸರು, ತಂತಿ, ಲೇತ್ ಕೂಲಿ ಎಲ್ಲಾ ಸೇರಿ ಆದ ಖರ್ಚು ಆ ಲಾರಿಯ ಒಂದು ಟೈರಿನ ಕಾಲು ಬೆಲೆಯೂ ಅಲ್ಲ. ಮೀಟರು ಹಾಕಿಸುವ ಶಕ್ತಿ ಇಲ್ಲದವರಿಗೆ ಸೇನೆಯ ಹಳೇ ಉಪಾಯ ಇದ್ದೇ ಇದೆ: ನಿಂತಾಗ ಇಳಿದು ಅಂಗೈ ಇಟ್ಟು ನೋಡುವುದು, ತಿಂಗಳಿಗೊಮ್ಮೆ ಬ್ರೀದರಿನ ಮಣ್ಣು ತೆಗೆಯುವುದು, ಆಯಿಲ್ ಮಟ್ಟಕ್ಕಿಂತ ಹೆಚ್ಚು ಹಾಕದಿರುವುದು. ಕಾಸು ಖರ್ಚಿಲ್ಲ. ಇಳಿಜಾರಿನ ಕೆಳಗೆ ಬಸ್ಸಿಗೆ ಕಾಯುವವರು ಇದ್ದಾರೆ ಅನ್ನುವ ಜ್ಞಾಪಕ ಇದ್ದರೆ ಸಾಕು.

ಹೋದ ವಾರ ಅದೇ ಸ್ಟಾಪಿನಲ್ಲಿ ನಿಂತಿದ್ದೆ. ಟೀ ಅಂಗಡಿಗೆ ಹೊಸ ಬೆಂಚು ಬಂದಿದೆ, ಸಿಲ್ವರ್ ಹಲಗೆಯದು, ಗೌಡರೇ ಮಾಡಿಸಿಕೊಟ್ಟದ್ದು. ನೀಲಿ ಲಾರಿ ದಿಮ್ಮಿ ಹೇರಿಕೊಂಡು ಸಣ್ಣ ಗೇರಿನಲ್ಲಿ ಗುರ್ ಅನ್ನುತ್ತಾ ನಿಧಾನಕ್ಕೆ ಇಳಿದು ಬಂತು. ಬೆಂಚಿನ ಮೇಲೆ ಕೂತಿದ್ದ ಒಬ್ಬರು ಕೂಗಿ ಕೇಳಿದರು, "ಡ್ರೈವರಣ್ಣಾ, ಇವತ್ತು ಜ್ವರ ಎಷ್ಟು?"

"ಎಪ್ಪತ್ತೆರಡು ಸಾರ್, ಆರಾಮು" ಅಂತ ಆತ ಕೈಯೆತ್ತಿ ಮುಂದಕ್ಕೆ ಹೋದ.

ಬಸ್ಸು ಮಾತ್ರ ಆವತ್ತೂ ಲೇಟು.